ಕುಲುಮೆಗೆ ಹಾಕುವ ಮೊದಲು: ಬೀಡು ಕಬ್ಬಿಣದ ಕಚ್ಚಾ ಮಾಲು ಆರಿಸುವ ಬಗೆ

ಮಧ್ಯಾಹ್ನದ ಪಾಳಿ ಶುರುವಾಗಿ ಅರ್ಧ ಗಂಟೆಯಾಗಿತ್ತು. ಮೆಷಿನ್ ಶಾಪಿನ ಹುಡುಗ ಒಂದು ಕೈಯಲ್ಲಿ ಬ್ರಾಕೆಟ್, ಇನ್ನೊಂದು ಕೈಯಲ್ಲಿ ಮುರಿದ ಮೂರು ಡ್ರಿಲ್ ಬಿಟ್ ಹಿಡಿದು ಬಂದ. "ಅಣ್ಣಾ, ಇದು ಬೀಡಲ್ಲ, ಕಲ್ಲು" ಅಂದ. ಬ್ರಾಕೆಟ್ಟಿನ ತೆಳು ಅಂಚನ್ನು ಸುತ್ತಿಗೆಯಿಂದ ಒಡೆದು ನೋಡಿದೆ. ಬೂದು ಬಣ್ಣ ಇರಬೇಕಾದ ಜಾಗದಲ್ಲಿ ಬೆಳ್ಳಗೆ ಮಿಂಚುತ್ತಿತ್ತು. ಆ ಹೀಟಿನ, ಅಂದರೆ ಆ ಒಂದು ಸಲ ಕರಗಿಸಿದ ಲೋಹದ, ರಿಪೋರ್ಟ್ ತೆಗೆದೆ. ಕಾರ್ಬನ್ ಶೇ. 3.36, ಸಿಲಿಕಾನ್ 1.98. ಎರಡೂ ಸರಿಯಾಗಿದ್ದವು. ನಾವು ದಿನಾ ನೋಡುತ್ತಿದ್ದದ್ದೂ ಅವೆರಡನ್ನೇ. ಕೆಳಗಿನ ಸಾಲಿನಲ್ಲಿ ಕ್ರೋಮಿಯಂ 0.32 ಅಂತಿತ್ತು. ನಮ್ಮಲ್ಲಿ ಅದು 0.05ರ ಸುತ್ತ ಇರುತ್ತಿತ್ತು.

ಲೆಕ್ಕ ಹಾಕಿದೆ. 500 ಕಿಲೋ ಕುಲುಮೆಗೆ ಅಷ್ಟು ಕ್ರೋಮಿಯಂ ಬರಲು ಎಂಟು ಕಿಲೋ ಸ್ಟೇನ್‌ಲೆಸ್ ಸ್ಟೀಲ್ ಸಾಕು. ಅದರಲ್ಲಿ ಶೇ. 17ರಷ್ಟು ಕ್ರೋಮಿಯಂ ಇರುತ್ತದೆ. ಎಂಟು ಕಿಲೋ ಅಂದರೆ ಒಬ್ಬ ಮನುಷ್ಯ ಒಂದೇ ಸಲ ಎತ್ತಿ ಹಾಕುವಷ್ಟು. ಯಾರ್ಡಿಗೆ ಹೋಗಿ ಆ ಸ್ಕ್ರ್ಯಾಪ್ ರಾಶಿ ಕೆದಕಿದಾಗ ಅದೇ ಜಾತಿಯ ತುಂಡುಗಳು ಇನ್ನೂ ನಾಲ್ಕು ಸಿಕ್ಕವು. ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಅದು. ಹಾಗಾಗಿ ನಮ್ಮ ಅಯಸ್ಕಾಂತದ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗಿತ್ತು.

ಕರಗಿಸುವ ವಿಭಾಗದಲ್ಲಿ 24 ವರ್ಷ ಕೆಲಸ ಮಾಡಿದ್ದೇನೆ. ಹೊಸದಾಗಿ ಬರುವ ಹುಡುಗರಿಗೆ ಮೊದಲ ದಿನ ನಾನು ಕುಲುಮೆ ತೋರಿಸುವುದಿಲ್ಲ, ಯಾರ್ಡ್ ತೋರಿಸುತ್ತೇನೆ. ಅಲ್ಲಿ ನಿಂತು ಹೇಳುವ ಮಾತು ಒಂದೇ. ಕಾರ್ಬನ್, ಸಿಲಿಕಾನ್, ಮ್ಯಾಂಗನೀಸ್ ಕಡಿಮೆಯಾದರೆ ಆಮೇಲೆ ಸೇರಿಸಬಹುದು. ಕ್ರೋಮಿಯಂ, ರಂಜಕ, ತವರ, ತಾಮ್ರ ಒಳಗೆ ಹೋದರೆ ಕರೆಂಟಿನಿಂದ ಕಾಯುವ ಇಂಡಕ್ಷನ್ ಕುಲುಮೆಯಲ್ಲಿ ತೆಗೆಯುವ ದಾರಿಯೇ ಇಲ್ಲ. ಒಳ್ಳೆಯ ಲೋಹ ಸೇರಿಸಿ ತೆಳು ಮಾಡಬಹುದು, ಅಷ್ಟೇ. ಹಾಗಾಗಿ ಕಚ್ಚಾ ಮಾಲು ನೋಡುವಾಗ ಮೊದಲ ಪ್ರಶ್ನೆ "ಇದರಲ್ಲಿ ಏನು ಕಡಿಮೆ ಇದೆ" ಅಂತಲ್ಲ. "ಇದರ ಜೊತೆ ಬೇಡದ್ದು ಏನು ಬರುತ್ತಿದೆ" ಅಂತ.

ಮೊದಲು ಏನು ಬೇಕು ಅಂತ ಬರೆದಿಟ್ಟುಕೊಳ್ಳಿ

ಸಾಮಾನ್ಯ ಬೂದು ಬೀಡಿನಲ್ಲಿ ಕಾರ್ಬನ್ ಶೇ. 3.2ರಿಂದ 3.5, ಸಿಲಿಕಾನ್ 1.8ರಿಂದ 2.3 ಇರುತ್ತದೆ. ಗಟ್ಟಿಯಾಗುವಾಗ ಕಾರ್ಬನ್ನಿನ ಹೆಚ್ಚಿನ ಪಾಲು ಗ್ರಾಫೈಟ್ ಪದರಗಳಾಗಿ ಹೊರಬರುತ್ತದೆ. ಒಡೆದಾಗ ಕಾಣುವ ಬೂದು ಬಣ್ಣ ಅದರದ್ದೇ. ಗ್ರಾಫೈಟ್ ಆಗಲು ಸಿಲಿಕಾನ್ ನೆರವಾಗುತ್ತದೆ. ಕ್ರೋಮಿಯಂ ಅಡ್ಡ ಬರುತ್ತದೆ. ಆಗ ಕಾರ್ಬನ್ ಕಬ್ಬಿಣದ ಜೊತೆಗೇ ಸೇರಿ ಕಾರ್ಬೈಡ್ ಆಗುತ್ತದೆ. ಡ್ರಿಲ್ ಮುರಿಯುವುದು ಅದಕ್ಕೆ ಬಡಿದು. ತೆಳು ಅಂಚು ಬೇಗ ತಣ್ಣಗಾಗುತ್ತದೆ, ಹಾಗಾಗಿ ಮೊದಲು ಬೆಳ್ಳಗಾಗುವುದು ಅಲ್ಲೇ.

ಕಾರ್ಬನ್ ಈಕ್ವಿವಲೆಂಟ್ ಅಂತ ಒಂದು ಲೆಕ್ಕವಿದೆ. ಸಿಲಿಕಾನ್ ಮತ್ತು ರಂಜಕ ಕೂಡಿಸಿ ಮೂರರಿಂದ ಭಾಗಿಸಿ ಕಾರ್ಬನ್ನಿಗೆ ಸೇರಿಸುವುದು. ಕಾರ್ಬನ್ 3.35, ಸಿಲಿಕಾನ್ 2.0, ರಂಜಕ 0.06 ಇದ್ದರೆ ಉತ್ತರ 4.04. ಇದು 4.3ರ ಹತ್ತಿರ ಹೋದಷ್ಟೂ ಲೋಹ ಚೆನ್ನಾಗಿ ಹರಿಯುತ್ತದೆ, ಆದರೆ ಬಲ ಕಡಿಮೆಯಾಗುತ್ತದೆ. ಕೆಳಗಿಳಿದಷ್ಟೂ ಬಲ ಹೆಚ್ಚು, ಜೊತೆಗೆ ಅಂಚು ಬೆಳ್ಳಗಾಗುವ ಭಯವೂ ಹೆಚ್ಚು. ನಿಮ್ಮ ಎರಕದ ತೀರಾ ತೆಳು ಜಾಗ ಎಷ್ಟು ದಪ್ಪ, ತೀರಾ ದಪ್ಪ ಜಾಗ ಎಷ್ಟು ಅಂತ ನೋಡಿ ಗುರಿ ಹಾಕಿಕೊಳ್ಳಿ. ಆ ಕಾಗದ ಕೈಯಲ್ಲಿಟ್ಟುಕೊಂಡೇ ಯಾರ್ಡಿಗೆ ಹೋಗಿ.

ಸ್ಟೀಲ್ ಸ್ಕ್ರ್ಯಾಪ್: ಇಲ್ಲೇ ಹೆಚ್ಚು ಹೊತ್ತು ನಿಲ್ಲಿ

ಇಂದು ಇಂಡಕ್ಷನ್ ಕುಲುಮೆಯಲ್ಲಿ ಬೀಡು ಮಾಡುವವರಲ್ಲಿ ಬಹುತೇಕರು ಸ್ಟೀಲ್ ಸ್ಕ್ರ್ಯಾಪ್ ಬಳಸುತ್ತಾರೆ. ರಂಜಕ, ಗಂಧಕ ಕಡಿಮೆ, ಅದಿರಿನಿಂದ ನೇರ ತೆಗೆದ ಪಿಗ್ ಐರನ್ನಿಗಿಂತ ಅಗ್ಗ. ಆದರೆ "ಸ್ಟೀಲ್" ಅನ್ನುವ ಒಂದೇ ಹೆಸರಿನಡಿ ಹತ್ತಾರು ಜಾತಿ ಬರುತ್ತವೆ. ನನಗೆ ಇಷ್ಟವಾದದ್ದು ಪ್ರೆಸ್ ಶಾಪಿನಿಂದ ಬರುವ ಪಂಚಿಂಗ್ ತುಂಡುಗಳು ಮತ್ತು ಪ್ಲೇಟ್ ಕತ್ತರಿಸಿ ಉಳಿದ ಚೂರುಗಳು. ಒಂದೇ ಕಾರ್ಖಾನೆಯಿಂದ, ಒಂದೇ ಗ್ರೇಡಿನ ಮಾಲು ತಿಂಗಳುಗಟ್ಟಲೆ ಬರುತ್ತದೆ. ಇವತ್ತಿನ ಲೆಕ್ಕ ನಾಳೆಯೂ ನಡೆಯುತ್ತದೆ. ಅಂಥ ಒಂದು ಮೂಲ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಉಳಿಸಿಕೊಳ್ಳಿ. ಹತ್ತು ಕಡೆಯಿಂದ ಕೂಡಿಸಿದ ಗುಜರಿ ರಾಶಿಯಲ್ಲಿ ಉಳಿಯುವ ಹಣ ಒಂದು ರಿಜೆಕ್ಟ್ ಆದ ಹೀಟಿನಲ್ಲಿ ಹೋಗಿಬಿಡುತ್ತದೆ.

ಬೇಡದ್ದನ್ನು ಹೀಗೆ ಗುರುತಿಸಬಹುದು. ತುಕ್ಕೇ ಹಿಡಿಯದೆ ಹೊಳೆಯುವ ತುಂಡು ಕಂಡರೆ ಪಕ್ಕಕ್ಕಿಡಿ, ಅಯಸ್ಕಾಂತ ಏನೇ ಹೇಳಲಿ. ಬೇರಿಂಗ್ ಸ್ಟೀಲಿನಲ್ಲಿ ಶೇ. 1.5ರಷ್ಟು ಕ್ರೋಮಿಯಂ ಇರುತ್ತದೆ. ಒಂದೆರಡು ಬಿದ್ದರೆ ಏನೂ ಆಗದು, ಬುಟ್ಟಿಗಟ್ಟಲೆ ಬಿದ್ದರೆ ಆಗುತ್ತದೆ. ಸ್ಪ್ರಿಂಗ್ ಪಟ್ಟಿಗಳಲ್ಲೂ ಹಲವು ಸಲ ಕ್ರೋಮಿಯಂ ಇರುತ್ತದೆ. ರೈಲು ಹಳಿಯ ತುಂಡುಗಳಲ್ಲಿ ಮ್ಯಾಂಗನೀಸ್ ಶೇ. 1ರ ಸುತ್ತ. ಬೂದು ಬೀಡಿಗೆ ಲೆಕ್ಕ ಹಾಕಿ ಹಾಕಬಹುದು, ಗ್ರಾಫೈಟ್ ಗುಂಡಗಿರುವ ಡಕ್ಟೈಲ್ ಬೀಡಿಗೆ ಬೇಡ. ಹೊಸ ಕಾರುಗಳ ಚೌಕಟ್ಟಿನಲ್ಲಿ ಬರುವ ತುಂಬ ಗಟ್ಟಿ ಶೀಟುಗಳಲ್ಲಿ ಮ್ಯಾಂಗನೀಸ್ ಜೊತೆಗೆ ಬೋರಾನ್ ಕೂಡ ಇರಬಹುದು. ಬೋರಾನ್ ತೀರಾ ಸಣ್ಣ ಪ್ರಮಾಣದಲ್ಲೇ ಕೆಲಸ ಕೆಡಿಸುತ್ತದೆ.

ಲೇತ್‌ನಲ್ಲಿ ಸುಲಭವಾಗಿ ಕಡಿಯಲಿ ಅಂತ ಮಾಡಿದ ಫ್ರೀ ಕಟಿಂಗ್ ಸ್ಟೀಲಿನಲ್ಲಿ ಗಂಧಕ ಹೆಚ್ಚು, ಕೆಲವದರಲ್ಲಿ ಸೀಸವೂ ಇರುತ್ತದೆ. ಸೀಸದ ಬಗ್ಗೆ ನನಗೆ ನಿಜವಾದ ಭಯವಿದೆ. ಬೂದು ಬೀಡಿನಲ್ಲಿ ಶೇ. 0.005 ದಾಟಿದರೂ ಗ್ರಾಫೈಟಿನ ಆಕಾರ ಕೆಡಬಹುದು, ಬಲ ಸರ್ರನೆ ಇಳಿಯುತ್ತದೆ. ಕಾರ್ಬನ್, ಸಿಲಿಕಾನ್ ನೋಡಿದರೆ ಎಲ್ಲ ಸರಿ ಅನಿಸುತ್ತದೆ, ಬಲ ಪರೀಕ್ಷೆಯ ಟೆನ್ಸೈಲ್ ಬಾರ್ ಎಳೆದಾಗ ಮಾತ್ರ ಗೊತ್ತಾಗುತ್ತದೆ. ಹಳೆಯ ಸೀಸದ ಬಣ್ಣ ಬಳಿದ ತುಂಡು, ಬೆಸುಗೆ ಅಂಟಿದ ಡಬ್ಬ, ಚಕ್ರ ಸಮ ಮಾಡುವ ಸಣ್ಣ ತೂಕದ ಚೂರುಗಳು, ಇವೆಲ್ಲ ಅದರ ಮೂಲ. ಸೀಸ 327 ಡಿಗ್ರಿಗೇ ಕರಗಿ ತಳಕ್ಕಿಳಿದು ಕುಲುಮೆಯ ಒಳಗೋಡೆಯ ಲೈನಿಂಗ್ ಒಳಗೂ ನುಗ್ಗುತ್ತದೆ.

ಗ್ಯಾಲ್ವನೈಸ್ ಶೀಟಿನ ಸತು 907 ಡಿಗ್ರಿಗೆ ಕುದಿಯುತ್ತದೆ. ಬೀಡು ಕರಗುವ ಹೊತ್ತಿಗೆ ಅದು ಬಿಳಿ ಹೊಗೆಯಾಗಿ ಏಳುತ್ತದೆ. ಎರಕಕ್ಕೆ ಆಗುವ ತೊಂದರೆಗಿಂತ ಕುಲುಮೆಯ ಮುಂದೆ ನಿಂತವರ ಎದೆಗೆ ಆಗುವ ತೊಂದರೆ ದೊಡ್ಡದು. ಅದನ್ನು ಉಸಿರಾಡಿದ ರಾತ್ರಿ ಚಳಿಜ್ವರ ಬಂದು ನಡುಗಿದವರನ್ನು ನೋಡಿದ್ದೇನೆ. ಹೊಗೆ ಎಳೆಯುವ ವ್ಯವಸ್ಥೆ ಇಲ್ಲದ ಕಡೆ ಗ್ಯಾಲ್ವನೈಸ್ ಮಾಲು ತೆಗೆದುಕೊಳ್ಳಲೇಬೇಡಿ.

ಇನ್ನೊಂದು ಅಲ್ಯೂಮಿನಿಯಂ. ಎಂಜಿನ್ ಬ್ಲಾಕಿನ ಒಳಗೆ ಸಿಕ್ಕಿಕೊಂಡ ಪಿಸ್ಟನ್, ಮೋಟಾರಿನ ರೋಟಾರ್, ಹೀಗೆ ಬರುತ್ತದೆ. ಬೀಡಿನಲ್ಲಿ ಅಲ್ಯೂಮಿನಿಯಂ ಶೇ. 0.01ರ ಸುತ್ತ ಬಂತೆಂದರೆ ಹಸಿ ಮರಳಿನ ಅಚ್ಚಿನಲ್ಲಿ ಅಪಾಯ ಶುರು. ಅಚ್ಚಿನ ತೇವದಲ್ಲಿರುವ ಆಮ್ಲಜನಕವನ್ನು ಅದು ಕಿತ್ತುಕೊಳ್ಳುತ್ತದೆ. ಉಳಿದ ಜಲಜನಕ ಲೋಹದೊಳಗೆ ಸೇರುತ್ತದೆ. ಮೇಲ್ಮೈ ಕೆಳಗೆ ಸೂಜಿ ಚುಚ್ಚಿದಂಥ ತೂತುಗಳು. ಲೋಹದ ಕಾಳು ಬಡಿದು ಮೇಲ್ಮೈ ಶುಚಿ ಮಾಡುವ ಶಾಟ್ ಬ್ಲಾಸ್ಟ್ ಆಗುವ ತನಕ ಕಾಣುವುದೇ ಇಲ್ಲ.

ಕೊನೆಯದಾಗಿ, ದಯವಿಟ್ಟು ಇದನ್ನು ಎರಡು ಸಲ ಓದಿ. ಎರಡೂ ತುದಿ ಮುಚ್ಚಿದ ಪೈಪು, ಶಾಕ್ ಅಬ್ಸಾರ್ಬರ್, ಸಿಲಿಂಡರ್, ಮುಚ್ಚಳ ಬಿಗಿಯಾದ ಡಬ್ಬ, ಯಾವುದೂ ಕುಲುಮೆಗೆ ಹೋಗಬಾರದು. ನೀರು ಆವಿಯಾದಾಗ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಒಂದು ಲೋಟ ನೀರು ಕರಗಿದ ಲೋಹದ ಕೆಳಗೆ ಸಿಕ್ಕರೆ ಅದು ಬಾಂಬು. ಮಳೆಯಲ್ಲಿ ನೆನೆದ ಸ್ಕ್ರ್ಯಾಪ್ ಇದ್ದರೆ ಒಂದು ದಿನ ನೆರಳಿನಲ್ಲಿ ಹರಡಿ ಒಣಗಿಸಿ. ಖಾಲಿ ಕುಲುಮೆಗೆ ಮೊದಲೇ ಹಾಕಿದರೆ ನಿಧಾನವಾಗಿ ಒಣಗುತ್ತದೆ, ಕರಗಿದ ಲೋಹದ ಮೇಲೆ ಮಾತ್ರ ಹಸಿ ತುಂಡು ಎಂದೂ ಬೀಳಬಾರದು. ಉತ್ಪಾದನೆ ಒಂದು ದಿನ ನಿಂತರೆ ನಿಲ್ಲಲಿ.

ಪಿಗ್ ಐರನ್ ಬೇಕೋ ಬೇಡವೋ

ಕಾರ್ಬನ್ ಶೇ. 4ರ ಸುತ್ತ, ಸಿಲಿಕಾನ್ ಗ್ರೇಡಿಗೆ ತಕ್ಕಂತೆ, ಉಳಿದ ಕಸ ಕಡಿಮೆ. ದುಬಾರಿ ಎಂಬುದೊಂದೇ ತೊಂದರೆ. ಸ್ಟೀಲಿಗೆ ಕಾರ್ಬನ್ ಸೇರಿಸಿದರೆ ಕಾಗದದ ಮೇಲೆ ಅದೇ ಅಂಕಿ ಬರುತ್ತದೆ, ಮತ್ತೆ ಪಿಗ್ ಯಾಕೆ ಅಂತ ಲೆಕ್ಕದವರು ಕೇಳುತ್ತಾರೆ. ಅಂಕಿ ಒಂದೇ ಇರಬಹುದು, ಎರಕ ಒಂದೇ ಅಲ್ಲ. ಪಿಗ್ ಐರನ್ನಿನ ಜೊತೆ ಬರುವ ಗ್ರಾಫೈಟಿನ ಸಣ್ಣ ಕಣಗಳು ಕರಗಿದ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತವೆ. ಗಟ್ಟಿಯಾಗುವಾಗ ಹೊಸ ಗ್ರಾಫೈಟ್ ಬೆಳೆಯಲು ಅವು ಬೀಜದ ಹಾಗೆ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಂದುಕೊಳ್ಳಿ. ತೆಳು ಎರಕಗಳಿಗೆ ನಾನು ಶೇ. 15ರಿಂದ 20 ಪಿಗ್ ಇಡುತ್ತೇನೆ, ದಪ್ಪ ಎರಕಗಳಿಗೆ ಶೇ. 10ಕ್ಕೆ ಇಳಿಸುತ್ತೇನೆ. ಪೂರ್ತಿ ಬಿಡಲೇಬೇಕಾದರೆ ಸಿಲಿಕಾನ್ ಕಾರ್ಬೈಡನ್ನು ಶೇ. 0.5ರಿಂದ 1ರಷ್ಟು ಚಾರ್ಜಿನ, ಅಂದರೆ ಕುಲುಮೆಗೆ ಹಾಕುವ ಮಾಲಿನ, ಜೊತೆಗೇ ಹಾಕಿ. ಅದೂ ಬೀಜದ ಕೆಲಸ ಸಾಕಷ್ಟು ಮಾಡುತ್ತದೆ, ಕಾರ್ಬನ್ನು ಸಿಲಿಕಾನ್ ಎರಡನ್ನೂ ಕೊಡುತ್ತದೆ.

ಪಿಗ್ ಕೊಳ್ಳುವಾಗ ಟೆಸ್ಟ್ ಸರ್ಟಿಫಿಕೇಟಿನಲ್ಲಿ ರಂಜಕದ ಸಾಲು ಮೊದಲು ಓದಿ.

ಹಳೆಯ ಬೀಡು ಮತ್ತು ನಮ್ಮದೇ ರಿಟರ್ನ್ಸ್

ಹೊರಗಿನಿಂದ ಕೊಳ್ಳುವ ಹಳೆಯ ಬೀಡಿನಲ್ಲಿ ರಂಜಕದ ತಲೆನೋವು ದೊಡ್ಡದು. ಹಿಂದಿನ ಕಾಲದ ತೆಳು ಒಲೆ, ಚಿತ್ತಾರದ ಜಾಲರಿ, ಇವುಗಳಿಗೆ ಲೋಹ ಚೆನ್ನಾಗಿ ಹರಿಯಲಿ ಅಂತ ಶೇ. 0.5ರಿಂದ 1ರ ತನಕ ರಂಜಕ ಬಿಡುತ್ತಿದ್ದರು. ಆ ಕೆಲಸಕ್ಕೆ ಅದು ಸರಿ. ಪಂಪು, ವಾಲ್ವು ಮಾಡುವವರಿಗೆ ಅದೇ ಶತ್ರು. ರಂಜಕ ಸೇರಿದ ಭಾಗ 950 ಡಿಗ್ರಿಯ ಸುತ್ತಿನ ತನಕ ದ್ರವವಾಗಿಯೇ ಉಳಿದು ಕೊನೆಗೆ ಗಟ್ಟಿಯಾಗುತ್ತದೆ. ಅಷ್ಟರಲ್ಲಿ ಅದಕ್ಕೆ ಲೋಹ ಕೊಡುವವರು ಯಾರೂ ಇರುವುದಿಲ್ಲ. ಅಲ್ಲಿ ಸಣ್ಣ ಸಣ್ಣ ಖಾಲಿ ಜಾಗ ಉಳಿಯುತ್ತದೆ, ಒತ್ತಡದ ಪರೀಕ್ಷೆಯಲ್ಲಿ ನೀರು ಜಿನುಗುತ್ತದೆ. ಒತ್ತಡ ತಡೆಯಬೇಕಾದ ಎರಕಗಳಿಗೆ ರಂಜಕ 0.1 ದಾಟದಂತೆ ನೋಡಿಕೊಳ್ಳಿ.

ತುಂಡು ಒಡೆದು ನೋಡುವ ಅಭ್ಯಾಸ ಬಿಡಬೇಡಿ. ಒಡೆದ ಮುಖ ಕಪ್ಪು ಬೂದಾಗಿದ್ದು, ಉಜ್ಜಿದರೆ ಬೆರಳಿಗೆ ಮಸಿ ಹತ್ತಿದರೆ ಬೂದು ಬೀಡು. ಬೆಳ್ಳಗೆ ಮಿಂಚಿದರೆ ಬಿಳಿ ಬೀಡು, ಅದರಲ್ಲಿ ಕ್ರೋಮಿಯಂ ಇರುವ ಸಾಧ್ಯತೆ ಹೆಚ್ಚು. ಗಿರಣಿಯ ಅರೆಯುವ ಗುಂಡುಗಳು ಇದೇ ಜಾತಿ, ಕೆಲವದರಲ್ಲಿ ಕ್ರೋಮಿಯಂ ಶೇ. 12ಕ್ಕಿಂತ ಹೆಚ್ಚು. ಗಾಜಿನಂಥ ಲೇಪ ಇರುವ ಹಳೆಯ ಸ್ನಾನದ ತೊಟ್ಟಿ ಕಂಡರೆ ನೇರ ವಾಪಸ್ ಕಳಿಸಿ. ಆ ಲೇಪದಲ್ಲಿ ಬೋರಾನ್, ಸೀಸ, ಆಂಟಿಮನಿ ಇರಬಹುದು.

ನಮ್ಮದೇ ರನ್ನರ್, ರೈಸರ್, ಅಂದರೆ ಅಚ್ಚಿಗೆ ಲೋಹ ಕೊಡುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದು ಕುಲುಮೆಗೆ ಮರಳುವ ರಿಟರ್ನ್ಸ್, ಎಲ್ಲಕ್ಕಿಂತ ನಂಬಿಕೆಯ ಮಾಲು, ಎರಡು ಷರತ್ತಿನ ಮೇಲೆ. ಒಂದು, ಗ್ರೇಡಿನ ಪ್ರಕಾರ ಬೇರೆ ಬೇರೆ ಕಟ್ಟೆಯಲ್ಲಿರಬೇಕು. ಡಕ್ಟೈಲ್ ರಿಟರ್ನ್ಸಿನಲ್ಲಿ ಸಿಲಿಕಾನ್ ಶೇ. 2.5ರ ಸುತ್ತ ಇರುತ್ತದೆ, ಮೆಗ್ನೀಸಿಯಂ ಕೂಡ ಇರುತ್ತದೆ. ಅದು ಬೂದು ಬೀಡಿನ ರಾಶಿಗೆ ಸೇರಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಎರಡು, ಅಂಟಿದ ಮರಳು ಉದುರಿಸಿರಬೇಕು. 200 ಕಿಲೋ ರಿಟರ್ನ್ಸಿಗೆ ಶೇ. 3 ಮರಳು ಅಂಟಿದ್ದರೂ 6 ಕಿಲೋ ಮರಳನ್ನು ನೀವು ಕರೆಂಟು ಸುಟ್ಟು ಕರಗಿಸುತ್ತಿದ್ದೀರಿ. ಆಮೇಲೆ ಕಿಟ್ಟ ತೆಗೆಯುತ್ತ ಸಮಯ ಹೋಗುತ್ತದೆ, ಅಷ್ಟು ಹೊತ್ತು ಲೋಹ ಸುಮ್ನೆ ಬಿಸಿಯಲ್ಲಿ ಕಾಯುತ್ತದೆ.

ಕಾರ್ಬನ್ ಪುಡಿ: ನಾನು ಮೂರು ವಾರ ಕಳೆದುಕೊಂಡ ಜಾಗ

ಒಂದು ವರ್ಷ ಪಿಗ್ ಐರನ್ ಸಿಗುವುದು ಕಷ್ಟವಾಯಿತು. ಸ್ಟೀಲ್ ಶೇ. 40ರಿಂದ 60ಕ್ಕೆ ಏರಿಸಿದೆವು. ಕಾರ್ಬನ್ ಪುಡಿ ಹೆಚ್ಚು ಬೇಕಾಯಿತು, ಅಗ್ಗದ್ದು ತಂದೆವು. ಎರಡು ವಾರಕ್ಕೆ ದಪ್ಪ ಎರಕಗಳಲ್ಲಿ ಸೀಳು ಕಾಣಿಸತೊಡಗಿತು. ಅಲ್ಪವಿರಾಮದ ಚಿಹ್ನೆಯಂಥ ಸಣ್ಣ ಬಿರುಕು, ಮೇಲ್ಮೈಯಿಂದ ನೇರ ಒಳಕ್ಕೆ. ನಾವು ಮರಳನ್ನು ಬೈದೆವು, ಎರಕದೊಳಗೆ ಪೊಳ್ಳು ಬಿಡಲು ಇಡುವ ಕೋರನ್ನು ಬೈದೆವು, ಗಾಳಿ ಹೋಗಲು ಇನ್ನಷ್ಟು ತೂತು ಚುಚ್ಚಿದೆವು. ಮೂರು ವಾರ ಹೀಗೇ ಹೋಯಿತು. ತಪ್ಪು ಪುಡಿಯ ಚೀಲದಲ್ಲಿತ್ತು.

ಕಾರ್ಬನ್ ಪುಡಿ ಎರಡು ಬಗೆ ಅಂತ ಇಟ್ಟುಕೊಳ್ಳಿ. ತುಂಬ ಹೆಚ್ಚು ಶಾಖದಲ್ಲಿ ಗ್ರಾಫೈಟ್ ಮಾಡಿದ ಪುಡಿಯಲ್ಲಿ ಸಾರಜನಕವೂ ಗಂಧಕವೂ ತೀರಾ ಕಡಿಮೆ. ಬರೀ ಕಾಯಿಸಿದ ಪೆಟ್ರೋಲಿಯಂ ಕೋಕಿನಲ್ಲಿ ಸಾರಜನಕ ಶೇ. 0.5ರಿಂದ 1ರ ತನಕ ಇರಬಹುದು, ಗಂಧಕ ಅದಕ್ಕಿಂತ ಜಾಸ್ತಿಯೂ ಇರಬಹುದು. ನಮ್ಮ ಲೆಕ್ಕ ಹೀಗಿತ್ತು. 500 ಕಿಲೋಗೆ 10 ಕಿಲೋ ಪುಡಿ, ಅದರಲ್ಲಿ ಸಾರಜನಕ ಶೇ. 0.6. ಅಂದರೆ 60 ಗ್ರಾಂ. ಎಲ್ಲ ಒಳಗೆ ಹೋಯಿತು ಅಂದರೆ ಹತ್ತು ಲಕ್ಷದಲ್ಲಿ 120 ಪಾಲು. ಸ್ಟೀಲಿನದೇ ಸಾರಜನಕ ಬೇರೆ. ದಪ್ಪ ಬೂದು ಎರಕದಲ್ಲಿ 90 ಪಾಲು ದಾಟಿದರೇ ಸೀಳು ಬರತೊಡಗುತ್ತದೆ. ಕೋರಿನ ರಾಳದಲ್ಲೂ ಸಾರಜನಕ ಇದ್ದರೆ ಇನ್ನೂ ಕಷ್ಟ.

ಗ್ರಾಫೈಟ್ ಪುಡಿಗೆ ಮರಳಿದೆವು, ಸ್ಟೀಲನ್ನು ಶೇ. 45ಕ್ಕೆ ಇಳಿಸಿದೆವು. ಸೀಳು ನಿಂತಿತು. ಅಂದಿನಿಂದ ಪುಡಿ ತರಿಸುವಾಗ ಸಾರಜನಕ, ಗಂಧಕ, ಬೂದಿ, ತೇವ ನಾಲ್ಕೂ ಬರೆದ ಸರ್ಟಿಫಿಕೇಟ್ ಕೇಳುತ್ತೇನೆ. ಕೊಡದವರ ಹತ್ತಿರ ಕೊಳ್ಳುವುದಿಲ್ಲ. ಕಾಳಿನ ಗಾತ್ರವನ್ನೂ ನೋಡಿ. ಹಿಟ್ಟಿನಂಥ ಪುಡಿ ಹೊಗೆ ಎಳೆಯುವ ಕೊಳವೆಗೆ ಹೋಗುತ್ತದೆ, ತೀರಾ ದಪ್ಪದ್ದು ಕಿಟ್ಟದ ಮೇಲೆ ತೇಲುತ್ತದೆ. ಒಂದರಿಂದ ಐದು ಮಿಲಿಮೀಟರ್ ಚೆನ್ನಾಗಿ ಕರಗುತ್ತದೆ.

ಇಲ್ಲಿ ಒಂದು ಮಾತು ವಿಚಿತ್ರ ಅನಿಸಬಹುದು. ಗಂಧಕ ಕಡಿಮೆಯಾದಷ್ಟೂ ಒಳ್ಳೆಯದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ ಅಲ್ವಾ? ಬೂದು ಬೀಡಿಗೆ ಹಾಗಲ್ಲ. ಬರೀ ಸ್ಟೀಲು ಮತ್ತು ಶುದ್ಧ ಗ್ರಾಫೈಟ್ ಪುಡಿ ಹಾಕಿದರೆ ಗಂಧಕ 0.03ಕ್ಕೆ ಇಳಿಯಬಹುದು. ಆಗ ಗ್ರಾಫೈಟ್ ಬೆಳೆಯಲೆಂದು ಕೊನೆಗೆ ಹಾಕುವ ಇನಾಕ್ಯುಲೆಂಟ್ ಎಷ್ಟು ಹಾಕಿದರೂ ಸರಿಯಾಗಿ ಹಿಡಿಯುವುದಿಲ್ಲ, ಅಂಚು ಬೆಳ್ಳಗಾಗುತ್ತದೆ. ಗ್ರಾಫೈಟಿನ ಬೀಜಗಳಿಗೆ ಸಲ್ಫೈಡ್ ಬೇಕು. 0.05ರಿಂದ 0.08ರ ನಡುವೆ ಇರಲಿ, ಇಲ್ಲದಿದ್ದರೆ ಐರನ್ ಸಲ್ಫೈಡ್ ತೂಗಿ ಹಾಕಿ. ಗಂಧಕಕ್ಕೆ ತಕ್ಕ ಮ್ಯಾಂಗನೀಸ್ ಬೇಕು. ಗಂಧಕವನ್ನು 1.7ರಿಂದ ಗುಣಿಸಿ 0.3 ಕೂಡಿಸಿ. ಗಂಧಕ 0.07 ಇದ್ದರೆ ಮ್ಯಾಂಗನೀಸ್ ಕನಿಷ್ಠ 0.42.

ಈಗ ಲೆಕ್ಕ ಕಟ್ಟೋಣ

500 ಕಿಲೋ ಬೂದು ಬೀಡು. ಕೊನೆಯಲ್ಲಿ ಕಾರ್ಬನ್ 3.35, ಸಿಲಿಕಾನ್ 2.0 ಬೇಕು. ಕರಗಿದ ಲೋಹ ಹಿಡಿಯುವ ಪಾತ್ರೆಯಾದ ಲೇಡಲ್‌ನಲ್ಲಿ ಹಾಕುವ ಇನಾಕ್ಯುಲೆಂಟಿನಿಂದ 0.2 ಸಿಲಿಕಾನ್ ಬರುತ್ತದೆ, ಹಾಗಾಗಿ ಕುಲುಮೆಯಲ್ಲಿ 1.8 ಸಾಕು.

ಪಿಗ್ 100 ಕಿಲೋ, ಕಾರ್ಬನ್ ಶೇ. 4.1. ಕೊಡುವುದು 4.1 ಕಿಲೋ. ರಿಟರ್ನ್ಸ್ 200 ಕಿಲೋ, ಕಾರ್ಬನ್ 3.35. ಕೊಡುವುದು 6.7 ಕಿಲೋ. ಸ್ಟೀಲ್ 200 ಕಿಲೋ, ಕಾರ್ಬನ್ 0.15. ಕೊಡುವುದು 0.3 ಕಿಲೋ. ಒಟ್ಟು 11.1 ಕಿಲೋ. ಬೇಕಾದದ್ದು 16.75. ಕೊರತೆ 5.65 ಕಿಲೋ. ಪುಡಿಯಲ್ಲಿ ಕಾರ್ಬನ್ ಶೇ. 98, ಅದರಲ್ಲಿ ಲೋಹಕ್ಕೆ ಸೇರುವುದು ಶೇ. 90 ಅಂತ ಹಿಡಿದರೆ 6.4 ಕಿಲೋ ಪುಡಿ ಬೇಕು.

ಸಿಲಿಕಾನ್ ಇದೇ ಥರ. ಪಿಗ್ ಶೇ. 1.8, ರಿಟರ್ನ್ಸ್ 2.0, ಸ್ಟೀಲ್ 0.2 ಇದ್ದರೆ ಒಟ್ಟು 6.2 ಕಿಲೋ. ಬೇಕಾದದ್ದು 9. ಕೊರತೆ 2.8. ಶೇ. 75 ಸಿಲಿಕಾನ್ ಇರುವ ಫೆರೋ ಸಿಲಿಕಾನ್, ಸೇರುವುದು ಶೇ. 90. ಸುಮಾರು 4.15 ಕಿಲೋ. ಮ್ಯಾಂಗನೀಸ್ ಕೂಡಿ ನೋಡಿ: ಸ್ಟೀಲಿನಿಂದ ಶೇ. 0.6, ರಿಟರ್ನ್ಸಿನಿಂದ 0.65, ಪಿಗ್ಗಿನಿಂದ 0.4 ಇದ್ದರೆ ಒಟ್ಟಿಗೆ 0.58 ಬರುತ್ತದೆ. ಬೇಕಾದದ್ದು 0.42. ಫೆರೋ ಮ್ಯಾಂಗನೀಸ್ ಹಾಕುವ ಅಗತ್ಯವೇ ಇಲ್ಲ. ಅಭ್ಯಾಸಬಲದಿಂದ ಎರಡು ಕಿಲೋ ಎಸೆಯುವವರನ್ನು ಬಹಳ ಕಂಡಿದ್ದೇನೆ.

"ಸೇರುವುದು ಶೇ. 90" ಅನ್ನುವ ಅಂಕಿ ನನ್ನ ಕುಲುಮೆಯದು. ನಿಮ್ಮದನ್ನು ಹತ್ತು ಹೀಟ್ ಬರೆದಿಟ್ಟು ನೀವೇ ಕಂಡುಕೊಳ್ಳಿ.

ಹಾಕುವ ಕ್ರಮ

ಮಾಲು ಒಳ್ಳೆಯದಿದ್ದರೂ ಕ್ರಮ ತಪ್ಪಿದರೆ ಕೆಡುತ್ತದೆ. ಸಿಲಿಕಾನ್ ಹೆಚ್ಚಿದ್ದಷ್ಟೂ ಕಾರ್ಬನ್ ಕರಗುವುದು ಕಷ್ಟ. ಹಾಗಾಗಿ ಮೊದಲು ಸ್ಟೀಲ್ ಮತ್ತು ಕಾರ್ಬನ್ ಪುಡಿ, ಪುಡಿ ಸ್ಟೀಲ್ ತುಂಡುಗಳ ಸಂದಿಗೆ ಇಳಿಯುವಂತೆ. ಆಮೇಲೆ ರಿಟರ್ನ್ಸ್, ಆಮೇಲೆ ಪಿಗ್. ಫೆರೋ ಸಿಲಿಕಾನ್ ಕೊನೆಗೆ, ಕಿಟ್ಟ ತೆಗೆದ ಮೇಲೆ. ತುಂಡುಗಳು ಕುಲುಮೆಯ ಬಾಯಿಯ ಮೂರನೇ ಒಂದು ಭಾಗಕ್ಕಿಂತ ದೊಡ್ಡದಿರಬಾರದು. ದೊಡ್ಡವು ಮೇಲೆ ಒಂದಕ್ಕೊಂದು ಸಿಕ್ಕಿಕೊಂಡು ಸೇತುವೆಯಂತೆ ನಿಂತರೆ ಕೆಳಗಿನ ಲೋಹ ವಿಪರೀತ ಕಾಯುತ್ತದೆ, ಲೈನಿಂಗ್ ತಿನ್ನುತ್ತದೆ. ಹಾಗೆ ಸೇತುವೆ ಕಟ್ಟಿದ್ದು ಕಂಡ ಕೂಡಲೇ ಪವರ್ ಇಳಿಸಿ, ಎದುರು ಯಾರೂ ನಿಲ್ಲದಂತೆ ನೋಡಿಕೊಳ್ಳಿ.

1,480ರಿಂದ 1,500 ಡಿಗ್ರಿಗೆ ತಂದು, ಸ್ಯಾಂಪಲ್ ತೆಗೆದು, ಹೊರಗೆ ಸುರಿಯಿರಿ. ಕಾಯಿಸಿಕೊಂಡು ಕೂತರೆ ಪಿಗ್ ಐರನ್ನಿಗೆ ಕೊಟ್ಟ ಹಣ ವ್ಯರ್ಥ, ಬೀಜಗಳೆಲ್ಲ ಕರಗಿಹೋಗುತ್ತವೆ. ಇನಾಕ್ಯುಲೆಂಟ್ ಶೇ. 0.3ರಷ್ಟು ಲೇಡಲ್‌ಗೆ ಲೋಹ ಬೀಳುವಾಗಲೇ ಹಾಕಿ. ಅದರ ಬಲ ಹತ್ತು ನಿಮಿಷದಲ್ಲಿ ಬಹುಪಾಲು ಇಳಿಯುತ್ತದೆ.

ಸುರಿಯುವ ಮೊದಲು ಚಿಲ್ ವೆಜ್ ಹಾಕುವುದನ್ನು ಮರೆಯಬೇಡಿ. ಬೆಣೆಯಾಕಾರದ ಸಣ್ಣ ತುಂಡು, ಒಡೆದರೆ ತುದಿಯಲ್ಲಿ ಬಿಳಿ ಎಷ್ಟು ಮಿಲಿಮೀಟರ್ ಇದೆ ಅಂತ ಕಾಣುತ್ತದೆ. ನನಗೆ ಸ್ಪೆಕ್ಟ್ರೋಮೀಟರಿಗಿಂತ ಇದರ ಮೇಲೆ ಪ್ರೀತಿ. ಕಾರ್ಬನ್ನು ಸಿಲಿಕಾನ್ ನಿನ್ನೆಯಂತೆಯೇ ಇದ್ದು ಬಿಳಿ ಮಾತ್ರ ಹೆಚ್ಚಾದರೆ, ಮಾಲಿನಲ್ಲಿ ಏನೋ ಬದಲಾಗಿದೆ ಅಂತಲೇ ಅರ್ಥ. ಕ್ರೋಮಿಯಂ ನೋಡಿ, ಗಂಧಕ ನೋಡಿ, ಎಷ್ಟು ಹೊತ್ತು ಕಾಯಿಸಿದಿರಿ ನೋಡಿ. ಮುರಿದ ಡ್ರಿಲ್ಲುಗಳ ದಿನ ನಾವು ವೆಜ್ ಹಾಕಿರಲಿಲ್ಲ. ಹಾಕಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಕೋಕ್ ಉರಿಸಿ ಕರಗಿಸುವ ಕ್ಯುಪೋಲಾ ಕುಲುಮೆ ಓಡಿಸುವವರಿಗೆ ಕೋಕೂ ಕಚ್ಚಾ ಮಾಲೇ. ಲೋಹ ಅದರ ಮೈಮೇಲೆ ಹರಿದು ಬರುವಾಗ ಕಾರ್ಬನ್ ಜೊತೆಗೆ ಗಂಧಕವನ್ನೂ ಎತ್ತಿಕೊಳ್ಳುತ್ತದೆ. ಗಂಧಕ ಶೇ. 0.7ಕ್ಕಿಂತ ಕಡಿಮೆ ಇರುವ, ಬೂದಿ ಕಡಿಮೆ ಇರುವ, ಕೈಯಲ್ಲಿ ಹಿಡಿದರೆ ಪುಡಿಯಾಗದ ಕೋಕ್ ತೆಗೆದುಕೊಳ್ಳಿ. ಸಿಲಿಕಾನ್, ಮ್ಯಾಂಗನೀಸ್ ಒಂದಿಷ್ಟು ಸುಟ್ಟುಹೋಗುತ್ತವೆ, ಲೆಕ್ಕದಲ್ಲಿ ಅಷ್ಟು ಹೆಚ್ಚು ಹಿಡಿಯಿರಿ.

ಡಕ್ಟೈಲ್ ಬೀಡಿಗೆ ಮೇಲಿನ ಎಲ್ಲ ಮಾತೂ ಇನ್ನಷ್ಟು ಬಿಗಿಯಾಗಿ ಅನ್ವಯಿಸುತ್ತದೆ. ಗಂಧಕ 0.02ರ ಒಳಗೆ, ಮ್ಯಾಂಗನೀಸ್ 0.3ರ ಒಳಗೆ, ರಂಜಕ 0.05ರ ಒಳಗೆ. ಗಂಧಕ ಹೆಚ್ಚಿದ್ದರೆ ನೀವು ಹಾಕಿದ ಮೆಗ್ನೀಸಿಯಂ ಅದರ ಜೊತೆ ಸೇರಿ ಕಿಟ್ಟವಾಗುತ್ತದೆ, ಗ್ರಾಫೈಟ್ ಗುಂಡಗಾಗಲು ಉಳಿಯುವುದಿಲ್ಲ. ಮೂಲ ಗೊತ್ತಿಲ್ಲದ ಸ್ಕ್ರ್ಯಾಪ್ ಡಕ್ಟೈಲ್ ಕುಲುಮೆಯ ಹತ್ತಿರವೂ ಸುಳಿಯಬಾರದು.

ಗೇಟಿನಲ್ಲಿ ಒಂದು ಪುಸ್ತಕ

ಪ್ರತಿ ಲೋಡಿಗೂ ಒಂದು ಸಾಲು: ಎಲ್ಲಿಂದ ಬಂತು, ಎಷ್ಟು ತೂಕ, ಯಾವ ಕಟ್ಟೆಗೆ ಹೋಯಿತು. ಪ್ರತಿ ಹೀಟಿಗೂ ಒಂದು ಸಾಲು: ಯಾವ ಕಟ್ಟೆಯಿಂದ ಎಷ್ಟು ತೆಗೆದಿರಿ, ಚಿಲ್ ಎಷ್ಟು, ಕ್ರೋಮಿಯಂ ಎಷ್ಟು. ಲೋಡಿನಿಂದ ಒಂದೆರಡು ತುಂಡು ಎತ್ತಿ ಹೆಸರು ಬರೆದಿಟ್ಟುಕೊಳ್ಳಿ, ಆ ಮಾಲಿನಿಂದಾದ ಎರಕಗಳು ಮೆಷಿನ್ ಆಗುವ ತನಕ ಎಸೆಯಬೇಡಿ. ಸ್ಕ್ರ್ಯಾಪ್ ಆರಿಸುವ ಹೆಂಗಸರನ್ನೂ ಹುಡುಗರನ್ನೂ ವಾರಕ್ಕೊಮ್ಮೆ ಮೆಷಿನ್ ಶಾಪಿಗೆ ಕರೆದುಕೊಂಡು ಹೋಗಿ. ತಾವು ಪಕ್ಕಕ್ಕಿಟ್ಟ ತುಂಡು ಯಾಕೆ ಮುಖ್ಯ ಅಂತ ಮುರಿದ ಡ್ರಿಲ್ ನೋಡಿದರೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ನಮ್ಮಲ್ಲಿ ಸ್ಟೇನ್‌ಲೆಸ್ ತುಂಡನ್ನು ಎಲ್ಲರಿಗಿಂತ ಬೇಗ ಗುರುತಿಸುವವರು ಆರಿಸುವ ಗುಂಪಿನ ಹಿರಿಯಕ್ಕ. ಕಣ್ಣಿಗೆ ಅನುಮಾನ ಬಂದರೆ ಗ್ರೈಂಡರಿಗೆ ಮುಟ್ಟಿಸಿ ಕಿಡಿ ನೋಡುತ್ತಾರೆ.

ಆ ಬ್ರಾಕೆಟ್‌ಗಳ ಹೀಟಿನಿಂದ ಬಂದ ಲೋಹವನ್ನು, ರನ್ನರ್ ಸಮೇತ, ಕೆಂಪು ಬಣ್ಣ ಬಳಿದು ಬೇರೆ ಇಟ್ಟೆವು. ಒಂದೇ ಸಲ 200 ಕಿಲೋ ಹಾಕಿದ್ದರೆ ಮುಂದಿನ ಹೀಟಿನ ಕ್ರೋಮಿಯಂ 0.16 ಆಗುತ್ತಿತ್ತು, ತೆಳು ಅಂಚು ಮತ್ತೆ ಬೆಳ್ಳಗಾಗುವ ಭಯವಿತ್ತು. ಹೀಟಿಗೆ 50 ಕಿಲೋದಂತೆ ಹಾಕಿದೆವು. 0.08ರ ಆಸುಪಾಸು ನಿಂತಿತು. ಹತ್ತು ಹೀಟಿಗೆ ರಾಶಿ ಮುಗಿಯಿತು.